ಡಿಜಿಟಲ್ ಟಿವಿಗೆ ಸರ್ಕಾರದ ಸಬ್ಸಿಡಿ: ಮಲೆನಾಡಿನ ಮನೆಗೆ ನಿಜಕ್ಕೂ ಏನು ಸಿಗುತ್ತದೆ, ಡಿಶ್ ಕೂರಿಸುವುದು ಹೇಗೆ?

"ಸೆಟ್‌ಟಾಪ್ ಬಾಕ್ಸ್‌ಗೆ ಸಬ್ಸಿಡಿ ಇದೆಯಂತೆ, ಅರ್ಜಿ ಎಲ್ಲಿ ಹಾಕೋದು?" ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರಲ್ಲಿ ಕೆಲವರು ಆಗಲೇ ಯಾರಿಗೋ ಫಾರ್ಮ್ ಫೀಸು ಅಂತ ದುಡ್ಡು ಕೊಟ್ಟು ಕಾಯುತ್ತಿರುತ್ತಾರೆ. ಇನ್ನು ಕೆಲವರು ಬಾಕ್ಸ್ ತಂದು, ಡಿಶ್ ಕಟ್ಟಿ, ಪರದೆ ಮೇಲೆ 'ನೋ ಸಿಗ್ನಲ್' ನೋಡುತ್ತಾ ಕೂತಿರುತ್ತಾರೆ. ಇಬ್ಬರೂ ಎಡವಿದ್ದು ಒಂದೇ ಕಡೆ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದ್ದಾರೆ.

ಸರಿಯಾದ ಕ್ರಮ ಹೀಗಿದೆ. ಮೊದಲು ನೆರವು ಇದೆಯೋ ಇಲ್ಲವೋ ಅಂತ ತಿಳಿದುಕೊಳ್ಳಿ. ಆಮೇಲೆ ಟಿವಿಯ ಹಿಂಭಾಗ ನೋಡಿ. ಆಮೇಲೆ ಮನೆಯ ಮೇಲಿನ ಆಕಾಶ ನೋಡಿ. ದುಡ್ಡು ಬಿಚ್ಚುವುದು ಅದರ ನಂತರ. ಏಣಿ ಹತ್ತುವುದು ಎಲ್ಲಕ್ಕಿಂತ ಕೊನೆಗೆ.

ಹಂತ 1: ಸಬ್ಸಿಡಿಯ ವಿಷಯ ಮೊದಲು ಇತ್ಯರ್ಥ ಮಾಡಿ

ಈ ಸುದ್ದಿಗೆ ಮೂಲವೇ ಇಲ್ಲ ಅಂತಲ್ಲ. 2023ರ ಜನವರಿ 4ರಂದು ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ 'ಬೈಂಡ್' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು 2,539.61 ಕೋಟಿ ರೂಪಾಯಿ, ಅವಧಿ 2025-26ರವರೆಗೆ. ಇದು ಮುಖ್ಯವಾಗಿ ಆಕಾಶವಾಣಿ, ದೂರದರ್ಶನದ ಯಂತ್ರ-ಸೌಕರ್ಯ ಸುಧಾರಿಸುವ ಯೋಜನೆ. ಅದರೊಳಗೆ ಒಂದು ಭಾಗವಾಗಿ 8 ಲಕ್ಷಕ್ಕೂ ಹೆಚ್ಚು ಡಿಡಿ ಫ್ರೀ ಡಿಶ್ (ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಡಿಶ್ ಸೇವೆ) ಬಾಕ್ಸ್‌ಗಳನ್ನು ಉಚಿತವಾಗಿ ಹಂಚುವುದಾಗಿ ಹೇಳಿದ್ದರು.

ಯಾರಿಗೆ ಅನ್ನುವುದು ಮುಖ್ಯ. ದುರ್ಗಮ ಪ್ರದೇಶ, ಬುಡಕಟ್ಟು ಪ್ರದೇಶ, ನಕ್ಸಲ್ ಪೀಡಿತ ಪ್ರದೇಶ, ಗಡಿ ಪ್ರದೇಶ ಮತ್ತು 'ಮಹತ್ವಾಕಾಂಕ್ಷಿ ಜಿಲ್ಲೆ' ಎಂದು ಗುರುತಿಸಿದ ಜಿಲ್ಲೆಗಳ ಜನರಿಗೆ. ಕರ್ನಾಟಕದಲ್ಲಿ ಆ ಹೆಸರಿನ ಜಿಲ್ಲೆಗಳು ರಾಯಚೂರು ಮತ್ತು ಯಾದಗಿರಿ. ಶಿವಮೊಗ್ಗ ಅದರಲ್ಲಿಲ್ಲ. ಹಾಗಾಗಿ ಶಿವಮೊಗ್ಗ ಪೇಟೆಯಲ್ಲೋ ಭದ್ರಾವತಿಯಲ್ಲೋ ಇರುವ ಮನೆಗೆ ಇದರಿಂದ ಬಾಕ್ಸ್ ಬರುತ್ತದೆ ಅಂತ ಕಾಯುವುದು ಸುಮ್ನೆ ಕಾಲಹರಣ. ಕಾಡಂಚಿನ ಬುಡಕಟ್ಟು ಹಾಡಿಯ ಮನೆಯಾದರೆ ಒಮ್ಮೆ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಲ್ಲಿ ಹೇಳಿದ್ದು ಬಾಕ್ಸ್ ಹಂಚಿಕೆಯ ಮಾತು. ಅಂಗಡಿಯಲ್ಲಿ ಬಾಕ್ಸ್ ಕೊಂಡು, ಬಿಲ್ ಕೊಟ್ಟು, ಖಾತೆಗೆ ಹಣ ವಾಪಸ್ ಪಡೆಯುವ ಯೋಜನೆ ಅದಲ್ಲ. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ಕೂಪನ್ ಕಥೆಗಳು ಬೇರೆ ದೇಶದವು. ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸುವ ಮುಂಚೆ ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಕೊಟ್ಟಿದ್ದರು. ಬ್ರಿಟನ್ನಿನಲ್ಲಿ 75 ದಾಟಿದವರಿಗೆ ಮತ್ತು ಅಂಗವಿಕಲರಿಗೆ ನೆರವಿತ್ತು. ನಮ್ಮಲ್ಲಿ ಕೇಬಲ್ ಡಿಜಿಟಲ್ ಆದಾಗ ಬಾಕ್ಸಿನ ದುಡ್ಡು ಕೊಟ್ಟವರು ಮನೆಯವರೇ, ನೆನಪಿದೆ ಅಲ್ವಾ?

ವಿಚಾರಿಸುವ ಕ್ರಮ:

1. ಗ್ರಾಮ ಪಂಚಾಯಿತಿಗೆ ಹೋಗಿ ಪಿಡಿಒ ಅವರನ್ನು ಒಂದೇ ಪ್ರಶ್ನೆ ಕೇಳಿ: "ನಮ್ಮ ಪಂಚಾಯಿತಿಗೆ ಬಾಕ್ಸ್ ಹಂಚಿಕೆಯ ಪಟ್ಟಿ ಬಂದಿದೆಯಾ?" ಪಟ್ಟಿ ಬಂದಿಲ್ಲ ಅಂದರೆ ಅಲ್ಲಿಗೆ ಮುಗಿಯಿತು.

2. ರಾಜ್ಯದ ಯೋಜನೆ ಅಂತ ಯಾರಾದರೂ ಹೇಳಿದರೆ ಸೇವಾಸಿಂಧು ಪೋರ್ಟಲ್‌ನಲ್ಲಿ ಅದರ ಹೆಸರು ಇದೆಯಾ ನೋಡಿ. ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿದರೂ ಆಯಿತು. ಯೋಜನೆಯ ಹೆಸರು, ಇಲಾಖೆಯ ಹೆಸರು ಎರಡೂ ಹೇಳಲು ಬಾರದವನ ಮಾತನ್ನು ಅಲ್ಲೇ ಬಿಡಿ.

3. ಹೊಸ ಟಿವಿಯನ್ನೇ ಕೊಳ್ಳುವವರಿಗೆ ಒಂದು ಅನುಕೂಲ ಆಗಿದೆ. 32 ಇಂಚಿಗಿಂತ ದೊಡ್ಡ ಟಿವಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಇದಕ್ಕೆ ಅರ್ಜಿ ಬೇಡ, ಬಿಲ್‌ನಲ್ಲೇ ಕಾಣಬೇಕು. 32 ಇಂಚು ಮತ್ತು ಅದಕ್ಕಿಂತ ಚಿಕ್ಕದಕ್ಕೆ ಅದಕ್ಕೂ ಮೊದಲೇ 18 ಇತ್ತು. ಅದನ್ನು ತೋರಿಸಿ "ತೆರಿಗೆ ಇಳಿದಿದೆ, ಆಫರ್" ಅಂದರೆ ನಗಬೇಕಷ್ಟೆ.

ಮೋಸದ ಗುರುತುಗಳು

ಬಾಕ್ಸ್‌ಗೆ ಅರ್ಜಿ ಶುಲ್ಕ ಕೇಳಿದರೆ ಮೋಸ. ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ಇನ್‌ಸ್ಟಾಲ್ ಮಾಡಿ ಅಂದರೆ ದೊಡ್ಡ ಮೋಸ. ಹೆಸರಿನ ಕೊನೆಗೆ 'ಎಪಿಕೆ' ಅಂತಿರುವ ಫೈಲು ಫೋನಿನೊಳಗೆ ಕೂತು ಬ್ಯಾಂಕಿನ ಒಟಿಪಿ ಓದಬಲ್ಲದು. ಲಾಂಛನ, ಮಂತ್ರಿಗಳ ಫೋಟೋ ಇದ್ದ ಮಾತ್ರಕ್ಕೆ ಅದು ಸರ್ಕಾರದ್ದು ಆಗುವುದಿಲ್ಲ.

ಊರಿಗೆ ವ್ಯಾನ್ ತಂದು "ಸಬ್ಸಿಡಿ ಕಳೆದು ಇಷ್ಟೇ" ಅಂತ ಮಾರುವವರ ವ್ಯಾಪಾರ ಬೇರೆ ಥರ. ಬಾಕ್ಸ್ ನಿಜವಾದದ್ದೇ ಇರಬಹುದು, ಆದರೆ ಹೇಳುವ 'ಸಬ್ಸಿಡಿ ಬೆಲೆ' ಪೇಟೆ ಬೆಲೆಗಿಂತ ಜಾಸ್ತಿ ಇರುತ್ತದೆ. ಬಿಲ್ ಕೇಳಿ. ಬಿಲ್ ಕೊಡದಿದ್ದರೆ ಬಾಕ್ಸೂ ಬೇಡ. ಹಾಗೆಯೇ ಫ್ರೀ ಡಿಶ್‌ಗೆ "ವರ್ಷದ ರೀಚಾರ್ಜ್" ಅಂತ ಯಾರೇ ಕೇಳಿದರೂ ಕೊಡಬೇಡಿ. ಅದಕ್ಕೆ ತಿಂಗಳ ಬಾಡಿಗೆಯೂ ಇಲ್ಲ, ವರ್ಷದ್ದೂ ಇಲ್ಲ.

ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. 1930ಕ್ಕೆ ತಕ್ಷಣ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಬಾಕ್ಸ್ ಕೆಟ್ಟದ್ದು ಬಂತು, ಅಂಗಡಿಯವರು ಬದಲಿಸುತ್ತಿಲ್ಲ ಅನ್ನುವಂಥ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ.

ಹಂತ 2: ಟಿವಿಯ ಹಿಂಭಾಗ ನೋಡಿ

ಡಿಜಿಟಲ್ ಪ್ರಸಾರಕ್ಕೆ ಬದಲಾಗಲು ಹೊಸ ಟಿವಿ ಬೇಕಿಲ್ಲ. ಹಳೆಯ ದಪ್ಪ ಡಬ್ಬದ ಟಿವಿಗೂ ಬಾಕ್ಸ್ ಹಾಕಬಹುದು. ಟಾರ್ಚ್ ಹಿಡಿದು ಹಿಂದೆ ಯಾವ ತೂತುಗಳಿವೆ ನೋಡಿ.

ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಸಣ್ಣ ತೂತು ಇದ್ದರೆ ಅದು ಎವಿ. ಹಳೆಯ ಟಿವಿಯಲ್ಲಿ ಕೆಲವೊಮ್ಮೆ ಹಳದಿ, ಬಿಳಿ ಎರಡೇ ಇರುತ್ತವೆ, ಅದೂ ಸಾಕು. ಚಪ್ಪಟೆ ಬಾಯಿಯ ತೂತು ಎಚ್‌ಡಿಎಂಐ. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಅಥವಾ ಫೋಟೋ ತೆಗೆದು ಅಂಗಡಿಗೆ ಒಯ್ಯಿರಿ. ಎಚ್‌ಡಿಎಂಐ ಮಾತ್ರ ಇರುವ ಬಾಕ್ಸನ್ನು ತಂದು ಎವಿ ಟಿವಿ ಮುಂದೆ ಕೂರುವುದು ತುಂಬಾ ಸಾಮಾನ್ಯವಾದ ತಪ್ಪು.

ಈಚಿನ ಟಿವಿಯಾದರೆ ಇನ್ನೊಂದು ನೋಡಿ. ಸ್ಕ್ರೂ ಥರ ತಿರುಪು ಇರುವ ದುಂಡನೆಯ ತೂತಿನ ಪಕ್ಕ 'ಎಲ್‌ಎನ್‌ಬಿ' (ಡಿಶ್ ಮುಂದಿನ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗದ ಹೆಸರು) ಅಥವಾ 'ಸ್ಯಾಟಲೈಟ್' ಅಂತ ಬರೆದಿದ್ದರೆ ನಿಮ್ಮ ಟಿವಿಯೊಳಗೇ ಬಾಕ್ಸ್ ಇದೆ ಅಂತ ಅರ್ಥ. ಇಂಥ ಟಿವಿಗಳಿಗೆ 2022ರಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಐಎಸ್ 18112 ಎಂಬ ಮಾನದಂಡವನ್ನೂ ತಂದಿದೆ. ಆಗ ಡಿಶ್ ಮತ್ತು ಕೇಬಲ್ ಮಾತ್ರ ಕೊಂಡರೆ ಸಾಕು.

ಸೂರಿನ ಮೇಲಿರುವ ಹಳೆಯ ಮೀನಿನ ಮುಳ್ಳಿನಂಥ ಆಂಟೆನಾ ಇನ್ನು ಉಪಯೋಗಕ್ಕಿಲ್ಲ. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಕೆಲವು ಆಯ್ದ ಕಡೆ ಬಿಟ್ಟು ದೇಶದಲ್ಲೆಲ್ಲ ಮುಚ್ಚಿದ್ದಾರೆ. ಅದರ ಪೈಪು ಗಟ್ಟಿ ಇದ್ದರೆ ಡಿಶ್‌ಗೆ ಬಳಸಿ.

ಹಂತ 3: ಮನೆಯವರಿಗೆ ಏನು ನೋಡಬೇಕು, ಅದನ್ನು ಕೇಳಿ

ಇದನ್ನು ಯಾರೂ ಕೇಳುವುದಿಲ್ಲ. ಆಮೇಲೆ ಜಗಳ. ಫ್ರೀ ಡಿಶ್‌ನಲ್ಲಿ ಡಿಡಿ ಚಂದನ ಬರುತ್ತದೆ, ದೂರದರ್ಶನದ ಉಳಿದ ಚಾನೆಲ್‌ಗಳು ಬರುತ್ತವೆ, ಶಾಲಾ ಪಾಠದ ಪಿಎಂ ಇ-ವಿದ್ಯಾ ಚಾನೆಲ್‌ಗಳಿವೆ, ಆಕಾಶವಾಣಿಯ ರೇಡಿಯೋ ಚಾನೆಲ್‌ಗಳಿವೆ, ಹಿಂದಿ ಚಾನೆಲ್‌ಗಳು ಬೇಕಾದಷ್ಟಿವೆ. ಆದರೆ ಸಂಜೆ ಅಮ್ಮ, ಅತ್ತೆ ನೋಡುವ ಜೀ ಕನ್ನಡ, ಕಲರ್ಸ್ ಕನ್ನಡದಂಥ ಧಾರಾವಾಹಿ ಚಾನೆಲ್‌ಗಳು ಹಣ ಕೊಟ್ಟು ನೋಡುವಂಥವು. ಅವು ಬೇಕೇ ಬೇಕು ಅಂದರೆ ಫ್ರೀ ಡಿಶ್ ತಂದು ಪ್ರಯೋಜನವಿಲ್ಲ. ಕೇಬಲ್ ಅಥವಾ ಖಾಸಗಿ ಡಿಟಿಎಚ್ ನೋಡಿ.

ಕೇಬಲ್, ಡಿಟಿಎಚ್ ಎರಡರಲ್ಲೂ ಚಾನೆಲ್‌ಗಳ ದರದ ಜೊತೆಗೆ 'ನೆಟ್‌ವರ್ಕ್ ಶುಲ್ಕ' ಅಂತ ಒಂದಿದೆ. ಮೊದಲು 200 ಚಾನೆಲ್‌ವರೆಗೆ ತೆರಿಗೆ ಬಿಟ್ಟು ತಿಂಗಳಿಗೆ 130 ರೂಪಾಯಿ ಮೀರಬಾರದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಿತಿ ಹಾಕಿತ್ತು. 2024ರ ಜುಲೈನಲ್ಲಿ ಆ ಮಿತಿ ತೆಗೆದಿದ್ದಾರೆ. ಹಾಗಾಗಿ "130 ಅಲ್ವಾ ಸರ್ಕಾರ ಹೇಳಿರೋದು" ಅಂತ ವಾದ ಮಾಡುವುದಕ್ಕಿಂತ ಇಬ್ಬರು ಮೂವರ ದರ ಹೋಲಿಸಿ ನೋಡುವುದು ಮೇಲು. ಬಾಕ್ಸ್ ಕೊಂಡದ್ದೋ ಬಾಡಿಗೆಯದ್ದೋ ಅನ್ನುವುದನ್ನು ಅರ್ಜಿ ಫಾರ್ಮ್‌ನಲ್ಲೇ ಬರೆಸಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ. ಮನೆ ಬದಲಿಸುವಾಗ ತಕರಾರು ಬರುವುದು ಅಲ್ಲೇ.

ಮುಂದಿನ ಹಂತಗಳೆಲ್ಲ ಫ್ರೀ ಡಿಶ್ ಆರಿಸಿಕೊಂಡವರಿಗೆ.

ಹಂತ 4: ಆಕಾಶ ನೋಡಿ

ಮಲೆನಾಡಿನಲ್ಲಿ ಅರ್ಧಕ್ಕರ್ಧ ಕೆಲಸ ಕೆಡುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಶಿವಮೊಗ್ಗ ಜಿಲ್ಲೆಯಿಂದ ನೋಡಿದರೆ ಅದು ಆಗ್ನೇಯದಲ್ಲಿ, ದಿಕ್ಸೂಚಿಯ ಸುಮಾರು 127 ಡಿಗ್ರಿಯಲ್ಲಿ ಇರುತ್ತದೆ. ನೆಲದಿಂದ ಎತ್ತರ 63-64 ಡಿಗ್ರಿ. ಸಾಗರದಿಂದ ಶಿಕಾರಿಪುರದವರೆಗೆ, ತೀರ್ಥಹಳ್ಳಿಯಿಂದ ಭದ್ರಾವತಿವರೆಗೆ ಇದರಲ್ಲಿ ಒಂದು ಡಿಗ್ರಿ ಹೆಚ್ಚು ಕಡಿಮೆ ಆಗಬಹುದು, ಅಷ್ಟೆ. ದಿಕ್ಸೂಚಿ ಇಲ್ಲದಿದ್ದರೆ ಅಡುಗೆಮನೆಯ ಮೂಲೆ ಇದ್ದೇ ಇದೆ, ವಾಸ್ತು ನೋಡಿ ಕಟ್ಟಿದ್ದರೆ. ಸಂಕ್ರಾಂತಿ ಹೊತ್ತಿನಲ್ಲಿ ಸೂರ್ಯ ಹುಟ್ಟುವ ಜಾಗ ಗೊತ್ತಿದ್ದರೆ ಅದರಿಂದ ಇನ್ನೂ ಸ್ವಲ್ಪ ಬಲಕ್ಕೆ.

"ನಮ್ಮದು ಗುಡ್ಡದ ಸಂದಿ, ಮೊಬೈಲ್ ಸಿಗ್ನಲ್ಲೇ ಬರಲ್ಲ, ಇದೆಲ್ಲಿ ಬರುತ್ತೆ?" ಅಂತ ಎಷ್ಟೋ ಜನ ಕೈಬಿಟ್ಟಿದ್ದಾರೆ. ಲೆಕ್ಕ ತಪ್ಪು. ಮೊಬೈಲ್ ಸಿಗ್ನಲ್ ಟವರಿನಿಂದ ಅಡ್ಡಡ್ಡ ಬರುತ್ತದೆ, ಗುಡ್ಡ ತಡೆಯುತ್ತದೆ. ಇದು ಹೆಚ್ಚುಕಮ್ಮಿ ನೆತ್ತಿಯ ಕಡೆಯಿಂದ ಇಳಿಯುತ್ತದೆ. ಗುಡ್ಡ ಗೋಡೆಯ ಹಾಗೆ ಮನೆ ಹಿಂದೆಯೇ ಎದ್ದಿದ್ದರೆ ಮಾತ್ರ ತೊಂದರೆ. ನಿಜವಾದ ಅಡ್ಡಿ ಮರ.

ಲೆಕ್ಕ ಸುಲಭ. ಆಗ್ನೇಯದಲ್ಲಿರುವ ಮರ ಡಿಶ್‌ಗಿಂತ ಎಷ್ಟು ಎತ್ತರ ಇದೆಯೋ ಅದರ ಅರ್ಧಕ್ಕಿಂತ ಹೆಚ್ಚು ದೂರದಲ್ಲಿರಬೇಕು. ಡಿಶ್ 10 ಅಡಿ ಎತ್ತರದಲ್ಲಿದೆ, ಅಡಿಕೆ ಮರ 50 ಅಡಿ ಅಂದುಕೊಳ್ಳಿ. ವ್ಯತ್ಯಾಸ 40 ಅಡಿ. ಮರ 20 ಅಡಿಗಿಂತ ಆಚೆ ಇದ್ದರೆ ಸಾಕು. ಆದರೆ ಬುಡದಿಂದ ಅಳೆಯಬೇಡಿ, ಸೋಗೆ ಚಾಚಿರುವ ತುದಿಯಿಂದ ಅಳೆಯಿರಿ. ಗಾಳಿಗೆ ಅಡಿಕೆ ಮರ ತೂಗುತ್ತದೆ, ಅದಕ್ಕೂ ಒಂದೆರಡು ಅಡಿ ಬಿಡಿ.

ಅಳತೆ ಬೇಡ ಅನ್ನುವವರು ಹೀಗೆ ಮಾಡಿ. ಒಂದು ಗೇಣು ಅಗಲ, ಎರಡು ಗೇಣು ಎತ್ತರದ ರಟ್ಟು ಕತ್ತರಿಸಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಗೆರೆ ಎಳೆಯಿರಿ. ಡಿಶ್ ಕೂರಿಸುವ ಜಾಗದಲ್ಲಿ ನಿಂತು, ರಟ್ಟಿನ ಕೆಳ ಅಂಚು ನೆಲಕ್ಕೆ ಸಮವಾಗಿರುವಂತೆ ಆಗ್ನೇಯಕ್ಕೆ ಹಿಡಿದು, ಕೆಳ ಮೂಲೆಯಿಂದ ಗೆರೆಗುಂಟ ಮೇಲೆ ನೋಡಿ. ಆ ಗೆರೆ ಮುಟ್ಟುವ ಜಾಗದಲ್ಲಿ ಬರೀ ಆಕಾಶ ಕಾಣಬೇಕು. ಎಲೆ ಕಂಡರೆ ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ನೋಡಿ.

ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ತೇಗದ ಮರ ಬೋಳಾಗಿರುತ್ತದೆ. ಮಾರ್ಚ್‌ನಲ್ಲಿ ಅದರ ಸಂದಿಯಿಂದ ಚೆನ್ನಾಗಿ ಸಿಗ್ನಲ್ ಬರುತ್ತದೆ. ಜುಲೈ ಹೊತ್ತಿಗೆ ಅಷ್ಟಗಲದ ಎಲೆ ಬಿಟ್ಟು, ಅದರ ಮೇಲೆ ನೀರು ನಿಂತು, ಪೂರ್ತಿ ಬಂದ್. ಬೇಸಿಗೆಯಲ್ಲಿ ಜಾಗ ನೋಡುವವರು ಬೋಳು ಮರವನ್ನೂ ಎಲೆ ತುಂಬಿದ ಮರ ಅಂತಲೇ ಲೆಕ್ಕ ಹಾಕಿ.

ಹಂತ 5: ಸಾಮಾನು ಕೊಳ್ಳಿ

ಬಾಕ್ಸ್, ಡಿಶ್, ಎಲ್ಲ ಸೇರಿ ಸುಮಾರು 2,000 ರೂಪಾಯಿಯ ಒಂದು ಸಲದ ಖರ್ಚು. ಅಂಗಡಿಯಲ್ಲಿ ಕೇಳಬೇಕಾದ್ದು:

1. 'ಎಂಪೆಗ್-4' ಬಾಕ್ಸ್. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಚಾನೆಲ್ ಕಡಿಮೆ ಬರುತ್ತವೆ. ಬಾಕ್ಸ್ ಮೇಲೆ ಬಿಐಎಸ್ ಗುರುತು ಇರಲಿ. ಎವಿ ಮತ್ತು ಎಚ್‌ಡಿಎಂಐ ಎರಡೂ ಇರುವುದನ್ನೇ ತನ್ನಿ, ಮುಂದೆ ಟಿವಿ ಬದಲಿಸಿದರೂ ನಡೆಯುತ್ತದೆ.

2. ಡಿಶ್. ಬಯಲುಸೀಮೆಯಲ್ಲಿ ಎರಡು ಅಡಿಯದು ಸಾಕು. ನಮ್ಮ ಮಳೆಗೆ ಎರಡೂವರೆ, ಮೂರು ಅಡಿಯದು ಒಳ್ಳೆಯದು. ಎರಡು ಅಡಿಯದಕ್ಕಿಂತ ಮೂರು ಅಡಿಯದು ಎರಡು ಪಟ್ಟಿಗೂ ಹೆಚ್ಚು ಸಿಗ್ನಲ್ ಹಿಡಿಯುತ್ತದೆ. ಆಗುಂಬೆ, ನಗರ (ಬಿದನೂರು), ಹುಲಿಕಲ್ ಕಡೆಯವರು ಈ ಒಂದು ವಿಷಯದಲ್ಲಿ ಜಿಪುಣತನ ಮಾಡಬೇಡಿ.

3. 'ಯೂನಿವರ್ಸಲ್' ಎಲ್‌ಎನ್‌ಬಿ. ಅದರ ಮೇಲೆ 9750/10600 ಅಂತ ಇರುತ್ತದೆ.

4. 'ಆರ್‌ಜಿ-6' ಕೇಬಲ್, ಅದರ ತುದಿಗೆ ಹಾಕುವ ಎಫ್ ಕನೆಕ್ಟರ್, ರಬ್ಬರಿನ ಹಾಗೆ ಎಳೆದು ಸುತ್ತುವ ನೀರು ತಡೆಯುವ ಟೇಪು. ಕೇಬಲ್ ಒಂದೇ ತುಂಡು ಇರಲಿ. ನಡುವೆ ಸೇರಿಸಿದರೆ ಮಳೆಗಾಲದಲ್ಲಿ ಕೆಡುವುದು ಅಲ್ಲೇ.

ಮನೆಯಲ್ಲಿ ಯಾವುದೋ ಕಂಪನಿಯ ಹಳೆಯ ಡಿಶ್ ಬಿದ್ದಿದ್ದರೆ, ಸೊಟ್ಟ ಆಗಿಲ್ಲದಿದ್ದರೆ, ಬಳಸಿ. ಹಳೆಯ ಎಲ್‌ಎನ್‌ಬಿ ಬದಲಿಸಿ, ಅದು ದುಬಾರಿಯಲ್ಲ. ಆ ಕಂಪನಿಯ ಬಾಕ್ಸನ್ನು ಫ್ರೀ ಡಿಶ್‌ಗೆ ಒಗ್ಗಿಸಲು ಹೋಗಬೇಡಿ, ಅದು ಅವರ ಕಾರ್ಡಿಗೆ ಬೀಗ ಹಾಕಿಕೊಂಡಿರುತ್ತದೆ.

ಹಂತ 6: ಕಂಬ ನೆಟ್ಟಗೆ ನಿಲ್ಲಿಸಿ

ಹೆಂಚಿನ ಮನೆಯವರು ಡಿಶ್ಶನ್ನು ಪಕಾಸಿಗೆ, ರೀಪಿಗೆ ಕಟ್ಟಬೇಡಿ. ಗಾಳಿಗೆ ಮರ ಅಲುಗುತ್ತದೆ, ಹೆಂಚು ಸರಿಯುತ್ತದೆ, ಮಳೆಗಾಲದಲ್ಲಿ ಸೋರುವುದೊಂದು ಕೊಸರು. ಗಟ್ಟಿ ಗೋಡೆಗೆ ಬೋಲ್ಟ್ ಹೊಡೆಯಿರಿ, ಇಲ್ಲವೇ ಅಂಗಳದ ಅಂಚಿನಲ್ಲಿ ಜಿಐ ಪೈಪು ನೆಟ್ಟು ಕಾಂಕ್ರೀಟ್ ಹಾಕಿ. ಕೆಳಗಿದ್ದರೆ ಆಮೇಲೆ ಸರಿಮಾಡುವುದೂ ಸುಲಭ. ಉಪಗ್ರಹ ಎತ್ತರದಲ್ಲಿರುವುದರಿಂದ ಡಿಶ್ ಎತ್ತರದಲ್ಲಿ ಇರಲೇಬೇಕೆಂದಿಲ್ಲ. ಮಂಗನ ಕಾಟ ಇರುವಲ್ಲಿ ಸೂರಿನ ತುದಿ ಬೇಡವೇ ಬೇಡ. ಅವು ಹಾರಿ ಎಲ್‌ಎನ್‌ಬಿ ಕಡ್ಡಿ ಹಿಡಿದು ಜೋತಾಡುತ್ತವೆ.

ಅಡಿಕೆ ಕೊಯ್ಲಿಗೆ ಎಲ್ಲಿ ಚಪ್ಪರ ಹಾಕುತ್ತೀರಿ, ಎಲ್ಲಿ ಅಟ್ಟ ಕಟ್ಟುತ್ತೀರಿ ಅಂತ ಈಗಲೇ ನೆನಪಿಸಿಕೊಳ್ಳಿ, ಅವು ಡಿಶ್‌ಗೆ ಅಡ್ಡ ಬರಬಾರದು.

ಪೈಪು ಲಂಬವಾಗಿರಬೇಕು. ಗಾರೆ ಕೆಲಸದವರ ಮಟ್ಟಗೋಲು ಇಟ್ಟು ಎರಡು ಬದಿಯಿಂದ ನೋಡಿ. ಪೈಪು ವಾಲಿದ್ದರೆ ಡಿಶ್‌ನ ಎತ್ತರದ ಗುರುತು ಸುಳ್ಳು ಹೇಳುತ್ತದೆ, ಮುಂದಿನ ಹಂತದಲ್ಲಿ ಗಂಟೆಗಟ್ಟಲೆ ಒದ್ದಾಡುತ್ತೀರಿ.

ಹಂತ 7: ಡಿಶ್ ತಿರುಗಿಸಿ, ಆದರೆ ನಿಧಾನಕ್ಕೆ

ಬೇಕಾದ್ದು: ನಟ್ಟಿಗೆ ಸರಿಹೊಂದುವ ಸ್ಪ್ಯಾನರ್, ಫೋನಿನ ದಿಕ್ಸೂಚಿ, ಟಿವಿ ಮುಂದೆ ಕೂತು ಕೂಗಿ ಹೇಳುವವರು ಒಬ್ಬರು. ಸಾಧ್ಯವಾದರೆ ಟಿವಿಯನ್ನೇ ಹೊರಗೆ ತನ್ನಿ.

1. ಬಾಕ್ಸ್ ಆನ್ ಮಾಡುವ ಮುಂಚೆ ಕೇಬಲ್‌ನ ಎರಡೂ ತುದಿ ನೋಡಿ. ನಡುವಿನ ತಾಮ್ರದ ತಂತಿಗೆ ಸುತ್ತಲಿನ ಜಾಲರಿಯ ಒಂದು ಎಳೆ ತಾಗಿದರೂ ಶಾರ್ಟ್.

2. ಬಾಕ್ಸ್‌ನ ಮೆನುವಿನಲ್ಲಿ ಉಪಗ್ರಹ 93.5 ಪೂರ್ವ ಆರಿಸಿ. ಹೆಸರು ಜಿಸ್ಯಾಟ್-15 ಅಂತಿರುತ್ತದೆ, ಹಳೆಯ ಬಾಕ್ಸ್‌ಗಳಲ್ಲಿ ಇನ್ಸಾಟ್-4ಬಿ ಅಂತಿರುತ್ತದೆ. ಜಾಗ ಒಂದೇ. ಎಲ್‌ಎನ್‌ಬಿ ಬಗೆ ಯೂನಿವರ್ಸಲ್, ಎಲ್‌ಎನ್‌ಬಿ ಪವರ್ ಆನ್.

3. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಒಂದು 'ಸ್ಟ್ರೆಂತ್', ಇನ್ನೊಂದು 'ಕ್ವಾಲಿಟಿ'. ಸ್ಟ್ರೆಂತ್ 80, 90 ಬಂತು ಅಂತ ಕುಣಿಯಬೇಡಿ. ಡಿಶ್ ಗೋಡೆ ನೋಡುತ್ತಿದ್ದರೂ ಅದು ಬರುತ್ತದೆ, ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ ಅಂತ ಮಾತ್ರ ಅದರ ಅರ್ಥ. ನೋಡಬೇಕಾದ್ದು ಕ್ವಾಲಿಟಿ.

4. ಎತ್ತರವನ್ನು ಡಿಶ್ ಹಿಂದಿನ ಗುರುತುಪಟ್ಟಿಯಲ್ಲಿ 63-64ಕ್ಕೆ ಇಡಿ. ತಟ್ಟೆ ಅಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದಿಲ್ಲ, ನೆಟ್ಟಗಿನಿಂದ ಸುಮಾರು 40 ಡಿಗ್ರಿ ಹಿಂದಕ್ಕೆ ವಾಲಿದಂತಿರುತ್ತದೆ. ಈ ಡಿಶ್‌ಗಳ ರಚನೆಯೇ ಹಾಗೆ. ಕಣ್ಣಿನ ಅಂದಾಜಿಗೆ ತಟ್ಟೆಯನ್ನು 63 ಡಿಗ್ರಿ ಮಲಗಿಸಿದರೆ ಅದು ನೆತ್ತಿ ನೋಡುತ್ತಾ ಕೂರುತ್ತದೆ.

5. ಫೋನನ್ನು ಕಬ್ಬಿಣದ ಪೈಪು, ತಗಡಿನ ಶೀಟಿನಿಂದ ನಾಲ್ಕಡಿ ದೂರ ಹಿಡಿದು 127 ಡಿಗ್ರಿ ದಿಕ್ಕು ನೋಡಿಕೊಳ್ಳಿ. ಆ ದಿಕ್ಕಿನಲ್ಲಿ ದೂರದ ಒಂದು ಗುರುತು ಹಿಡಿಯಿರಿ. ಡಿಶ್ಶನ್ನು ಅದರ ಕಡೆ ತಿರುಗಿಸಿ.

6. ಈಗ ಅಡ್ಡಕ್ಕೆ ಬೆರಳಗಲದಷ್ಟು ಸರಿಸಿ, ಮೂರು ಎಣಿಸಿ, ಕೇಳಿ. ಬಾಕ್ಸ್‌ಗೆ ಸಿಗ್ನಲ್ ಗುರುತಿಸಲು ಎರಡು ಮೂರು ಸೆಕೆಂಡು ಬೇಕು. ಸರಸರ ತಿರುಗಿಸಿದರೆ ಸರಿಯಾದ ಜಾಗವನ್ನು ದಾಟಿಕೊಂಡೇ ಹೋಗಿಬಿಡುತ್ತೀರಿ. ಒಂದು ಸುತ್ತು ಏನೂ ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಿಸಿ ಮತ್ತೆ ಒಂದು ಸುತ್ತು.

7. ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೇ ಮೆಲ್ಲಗೆ ತಿರುಚಿ ನೋಡಿ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಎಷ್ಟೋ ಮನೆಯಲ್ಲಿ ಮಳೆ ಬಂದರೆ ಹೋಗುತ್ತಿದ್ದ ಚಿತ್ರ ಬರೀ ಇದರಿಂದಲೇ ಈಗ ಹೋಗದೆ ಬರುತ್ತಿದೆ.

8. ನಟ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಜರುಗುತ್ತದೆ. ಬಿಗಿ ಮಾಡುವಾಗಲೂ ಕ್ವಾಲಿಟಿ ಎಷ್ಟು ಅಂತ ಕೇಳುತ್ತಿರಿ.

ಪಕ್ಕದ ಉಪಗ್ರಹದ ಬಲೆ

ಕ್ವಾಲಿಟಿ ಬಂದಂತೆ ಕಾಣುತ್ತದೆ, ಸ್ಕ್ಯಾನ್ ಮಾಡಿದರೆ ಚಾನೆಲ್ ಇಲ್ಲ, ಅಥವಾ ಇದ್ದವೆಲ್ಲ ಬೀಗ ಹಾಕಿದವು. ಹಾಗಾದರೆ ಬೇರೆ ಉಪಗ್ರಹ ಹಿಡಿದಿದ್ದೀರಿ. 95 ಡಿಗ್ರಿಯಲ್ಲಿ ಡಿಶ್ ಟಿವಿಯದ್ದು ಇದೆ. ಶಿವಮೊಗ್ಗದಿಂದ ಅದು ನಮಗೆ ಬೇಕಾದ್ದರಿಂದ ಎಡಕ್ಕೆ ಎರಡು ಡಿಗ್ರಿಯಷ್ಟು, ಕೆಳಕ್ಕೆ ಒಂದು ಡಿಗ್ರಿಗೂ ಸ್ವಲ್ಪ ಹೆಚ್ಚು. ಕೈ ತಾಗಿದರೆ ಸಾಕು, ಅಲ್ಲಿಗೆ ಹೋಗುತ್ತದೆ. ಒಂಚೂರು ಬಲಕ್ಕೆ, ಒಂಚೂರು ಮೇಲಕ್ಕೆ ತನ್ನಿ.

ಪಕ್ಕದ ಮನೆಯ ಡಿಶ್ ನೋಡಿ ಹಾಗೇ ತಿರುಗಿಸುವವರಿಗೂ ಒಂದು ಮಾತು. ಟಾಟಾ ಪ್ಲೇ 83 ಡಿಗ್ರಿಯದು, ನಮ್ಮಲ್ಲಿಂದ ಅದು ಹೆಚ್ಚು ದಕ್ಷಿಣಕ್ಕಿದೆ, 150 ಡಿಗ್ರಿಯ ಹತ್ತಿರ. ಅದನ್ನು ನೋಡಿ ಇಟ್ಟರೆ ಇಡೀ ದಿನ ಹುಡುಕಿದರೂ ಚಂದನ ಸಿಗುವುದಿಲ್ಲ.

ಹಂತ 8: ಸ್ಕ್ಯಾನ್

'ಆಟೋ ಸ್ಕ್ಯಾನ್' ಅಥವಾ 'ಬ್ಲೈಂಡ್ ಸ್ಕ್ಯಾನ್' ಒತ್ತಿ, ಮುಗಿಯುವವರೆಗೆ ಬಿಡಿ. ಫ್ರೀ ಡಿಶ್‌ನಲ್ಲಿ ಚಾನೆಲ್‌ಗಳು ಹರಾಜಿನ ಮೇಲೆ ಬಂದು ಹೋಗುತ್ತಿರುತ್ತವೆ. ಹಾಗಾಗಿ ಒಂದು ದಿನ ಯಾವುದೋ ಚಾನೆಲ್ ಕಾಣೆಯಾದರೆ ಏಣಿ ಹತ್ತಬೇಡಿ, ಮತ್ತೆ ಸ್ಕ್ಯಾನ್ ಮಾಡಿ. ಡಿಡಿ ಚಂದನವನ್ನು ಮೆಚ್ಚಿನ ಪಟ್ಟಿಯಲ್ಲಿ ಮೊದಲಿಗೆ ಇಟ್ಟುಕೊಡಿ, ಮನೆಯ ಹಿರಿಯರಿಗೆ ನೂರಾರು ಚಾನೆಲ್ ದಾಟುವ ಕಷ್ಟ ತಪ್ಪುತ್ತದೆ.

ಹಂತ 9: ಮಳೆಗೆ, ಸಿಡಿಲಿಗೆ ತಯಾರಿ

ಎಲ್‌ಎನ್‌ಬಿಗೆ ಸೇರುವ ಕನೆಕ್ಟರ್ ಮೇಲೆ ಟೇಪನ್ನು ಎಳೆದೆಳೆದು ಸುತ್ತಿ. ಬರೀ ಕರೆಂಟಿನ ಟೇಪು ಒಂದು ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ. ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಕೆಳಗೆ ಒಂದು ಇಳಿಬಿದ್ದ ಬಳೆಯಂತೆ ಬಿಡಿ. ಕೇಬಲ್‌ಗುಂಟ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯ ತೂತಿಗೆ ಹೋಗುವುದಿಲ್ಲ.

ಜೋರು ಮಳೆಯಲ್ಲಿ ಹತ್ತು ಹದಿನೈದು ನಿಮಿಷ ಚಿತ್ರ ಹೋದರೆ ಅದು ರೋಗವಲ್ಲ. ಈ ತರಂಗಗಳನ್ನು ದಪ್ಪ ಮಳೆ ಹೀರುತ್ತದೆ. ಆಗ ಹೊರಗೆ ಹೋಗಿ ಡಿಶ್ ಮುಟ್ಟಬೇಡಿ. ಮಳೆಯಲ್ಲಿ ತಿರುಗಿಸಿದ ಡಿಶ್ ಬಿಸಿಲಲ್ಲೂ ಕೆಲಸ ಮಾಡುವುದಿಲ್ಲ.

ಸಿಡಿಲು ಬೇರೆ ಮಾತು. ನಮ್ಮಲ್ಲಿ ಬಾಕ್ಸ್‌ಗಳು ಸುಡುವುದು ಆಷಾಢದ ಜಡಿಮಳೆಯಲ್ಲಿ ಅಲ್ಲ, ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಯಲ್ಲಿ. ಮೋಡ ಕಟ್ಟಿದ ಕೂಡಲೇ ಕರೆಂಟಿನ ಪ್ಲಗ್ ಕಿತ್ತಿಡಿ, ಹಾಗೆಯೇ ಬಾಕ್ಸ್ ಹಿಂದಿನ ಡಿಶ್ ಕೇಬಲನ್ನೂ ಬಿಚ್ಚಿಡಿ. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಮಾತ್ರ ಕಿತ್ತು ಕೇಬಲ್ ಬಿಟ್ಟರೆ ಅದೂ ಸಾಲದು. ಕಂಬಕ್ಕೆ ಅರ್ತಿಂಗ್ ಕೊಡಿಸಿ. ಅದಿದ್ದರೂ ಕೇಬಲ್ ಬಿಚ್ಚುವ ಅಭ್ಯಾಸ ಬಿಡಬೇಡಿ. ಗುಡುಗು ಶುರುವಾದ ಮೇಲೆ ಕೇಬಲ್ ಬಿಚ್ಚಲು ಹೋಗಬಾರದು, ಮುಂಚೆಯೇ ಮುಗಿಸಿ.

ಕೆಟ್ಟಾಗ ಮೊದಲು ಇದನ್ನು ನೋಡಿ

ಸ್ಟ್ರೆಂತ್, ಕ್ವಾಲಿಟಿ ಎರಡೂ ಸೊನ್ನೆ: ಕೇಬಲ್ ತುಂಡಾಗಿದೆ, ಇಲ್ಲವೇ ಎಲ್‌ಎನ್‌ಬಿ ಸತ್ತಿದೆ. ತೋಟದ ಬದಿಯಲ್ಲಿ ಇಲಿ, ಅಳಿಲು ಕಡಿದಿದೆಯಾ ನೋಡಿ.

ಸ್ಟ್ರೆಂತ್ ಇದೆ, ಕ್ವಾಲಿಟಿ ಇಲ್ಲ: ಡಿಶ್ ಸರಿದಿದೆ, ಅಥವಾ ಮರ ಬೆಳೆದಿದೆ.

ಬಿಸಿಲಲ್ಲಿ ಚೆನ್ನಾಗಿದೆ, ಸಣ್ಣ ತುಂತುರಿಗೇ ಹೋಗುತ್ತದೆ, ಮಳೆ ನಿಂತು ಎಷ್ಟೋ ಹೊತ್ತಿನ ಮೇಲೆ ಬರುತ್ತದೆ: ಕನೆಕ್ಟರ್ ಒಳಗೆ ನೀರು. ಬಿಚ್ಚಿ ನೋಡಿ, ತಾಮ್ರ ಹಸಿರು ಅಥವಾ ಕಪ್ಪು ಆಗಿದ್ದರೆ ಒಂದು ಗೇಣು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಒರೆಸಿ ಮತ್ತೆ ಹಾಕಿದರೆ ಮುಂದಿನ ವಾರ ಅದೇ ಕಥೆ.

ರಿಪೇರಿಯವರನ್ನು ಕರೆಯುವುದಾದರೆ ಫೋನಿನಲ್ಲೇ ಈ ಮೂರರಲ್ಲಿ ಯಾವುದು ಅಂತ ಹೇಳಿ. ಬರುವಾಗ ಸರಿಯಾದ ಸಾಮಾನು ತರುತ್ತಾರೆ, ಎರಡು ಸಲದ ಓಡಾಟದ ದುಡ್ಡು ಉಳಿಯುತ್ತದೆ.